ಗಣಿತದ ತರಗತಿಗೆ ಫೋನು ಬರಲಿ, ಅಂಕ ಮಾತ್ರ ಬೇಡ

2024ರ ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 97.37ರೊಂದಿಗೆ ರಾಜ್ಯಕ್ಕೇ ಮೊದಲು. ಮರುವರ್ಷ ಉಡುಪಿ ಮುಂದೆ ಹೋಯಿತು. ದಕ್ಷಿಣ ಕನ್ನಡ ಕೂದಲೆಳೆಯ ಅಂತರದಲ್ಲಿ ಎರಡನೆಯದಾಯಿತು. ‘ಬುದ್ಧಿವಂತರ ಜಿಲ್ಲೆ’ ಎಂಬ ಬಿರುದಿಗೆ ಧಕ್ಕೆಯೇನೂ ಬರಲಿಲ್ಲ. ಆದರೆ ಇದೇ ಮಕ್ಕಳು ಮಳೆಗಾಲದ ಹೊತ್ತಿಗೆ ಪದವಿ ಕಾಲೇಜಿನ ಗಣಿತದ ತರಗತಿಯಲ್ಲಿ ಬಂದು ಕೂತಾಗ ಕಾಣುವ ದೃಶ್ಯ ಬೇರೆ. ಉಪನ್ಯಾಸಕರು ಬೋರ್ಡಿನ ತುಂಬ ಒಂದು ಪ್ರಮೇಯ ಸಾಧಿಸಿ, ಕೈಗಂಟಿದ ಸೀಮೆಸುಣ್ಣದ ಹುಡಿ ಕೊಡವಿಕೊಳ್ಳುತ್ತ ತಿರುಗಿ, ‘ಅರ್ಥ ಆಯ್ತಾ?’ ಎನ್ನುತ್ತಾರೆ. ಮುಂದಿನ ಎರಡು ಬೆಂಚುಗಳಿಂದ ‘ಆಯ್ತು ಸರ್’ ಎಂಬ ಉತ್ತರ ಬರುತ್ತದೆ. ಉಳಿದವರು ತಲೆ ಎತ್ತದೆ ಬರೆದುಕೊಳ್ಳುತ್ತಿರುತ್ತಾರೆ. ಅವರಿಗೆ ಅರ್ಥವಾಯಿತೋ ಇಲ್ಲವೋ ಎಂಬುದು ಗೊತ್ತಾಗುವುದು ಮೊದಲ ಇಂಟರ್ನಲ್ ಪರೀಕ್ಷೆಯ ಉತ್ತರಪತ್ರಿಕೆಗಳು ಮೇಜಿನ ಮೇಲೆ ಬಿದ್ದಾಗ. ಅಷ್ಟರಲ್ಲಿ ಪಾಠ ಎರಡು ಘಟಕ ಮುಂದೆ ಹೋಗಿರುತ್ತದೆ.

ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲ್ಲೂಕುಗಳಲ್ಲಿ ಕಾಲೇಜುಗಳಿಗೆ ಬರವಿಲ್ಲ. ಉಜಿರೆಯ ಎಸ್‌ಡಿಎಂ, ಬಂಟ್ವಾಳದ ಶ್ರೀ ವೆಂಕಟರಮಣ ಸ್ವಾಮಿ, ಮೂಡುಬಿದಿರೆಯ ಶ್ರೀ ಮಹಾವೀರ, ಈ ಮೂರೂ 1960ರ ದಶಕದಿಂದ ಪಾಠ ಹೇಳುತ್ತ ಬಂದಿವೆ. ಆಳ್ವಾಸ್ ಆಮೇಲೆ ಬಂದು ಮೂಡುಬಿದಿರೆಯ ಚಹರೆಯನ್ನೇ ಬದಲಿಸಿತು. ಮಿಜಾರು, ತೋಡಾರು, ಉಜಿರೆಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಎದ್ದವು. ಬೆಳ್ತಂಗಡಿ, ಪುಂಜಾಲಕಟ್ಟೆ, ವಾಮದಪದವು, ವಿಟ್ಲಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇವುಗಳಲ್ಲಿ ಗಣಿತ ಕಲಿಯುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರ ಚೀಲದಲ್ಲಿ ಈಗ ಒಂದು ಸ್ಮಾರ್ಟ್‌ಫೋನು ಇದೆ. ಅದನ್ನು ತರಗತಿಯಲ್ಲಿ ಐದು ನಿಮಿಷ ಹೊರಗೆ ತೆಗೆಸಿ, ಒಂದು ಪ್ರಶ್ನೆಗೆ ಎಲ್ಲರಿಂದಲೂ ಉತ್ತರ ಪಡೆದು, ಮತ್ತೆ ಒಳಗಿಡಿಸುವುದು ಸರಿಯೇ ತಪ್ಪೇ?

ಸರಿ. ಆದರೆ ಆ ಐದು ನಿಮಿಷಕ್ಕೆ ಅಂಕ ಇಡಬಾರದು.

ಈ ಪದ್ಧತಿ ನಮಗೆ ಹೊಸದೂ ಅಲ್ಲ. ಊರಿನ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬಾಯಿಲೆಕ್ಕ ಕೇಳುತ್ತಿದ್ದ ಮೇಷ್ಟ್ರು ‘ಉತ್ತರ ಬರೆದು ಸ್ಲೇಟು ಎತ್ತಿ’ ಎನ್ನುತ್ತಿದ್ದರು. ನಲವತ್ತು ಸ್ಲೇಟುಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಎಷ್ಟು ಮಂದಿ ದಾರಿ ತಪ್ಪಿದ್ದಾರೆ, ಯಾವ ಕಡೆಗೆ ತಪ್ಪಿದ್ದಾರೆ ಎಂಬುದು ಅವರಿಗೆ ತಿಳಿಯುತ್ತಿತ್ತು. ಹೈಸ್ಕೂಲಿಗೆ ಬಂದಾಗ ಸ್ಲೇಟು ಹೋಯಿತು, ಕಾಲೇಜಿಗೆ ಬಂದಾಗ ಪ್ರಶ್ನೆಯೂ ಹೋಯಿತು. ವಿದ್ಯಾರ್ಥಿಯ ವಯಸ್ಸು ಹೆಚ್ಚಿದಂತೆ ಅವನು ತಪ್ಪು ಹೇಳಲು ಹೆಚ್ಚು ನಾಚುತ್ತಾನೆ. ಪದವಿ ತರಗತಿಯಲ್ಲಿ ನಾವು ಅವನಿಗೆ ಆ ನಾಚಿಕೆಯನ್ನು ಕಾಪಾಡಿಕೊಳ್ಳಲು ಪೂರ್ಣ ಅನುಕೂಲ ಮಾಡಿಕೊಟ್ಟಿದ್ದೇವೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಅಧ್ಯಾಪಕ ಎರಿಕ್ ಮಜೂರ್ 1991ರ ಸುಮಾರಿಗೆ ಸ್ಲೇಟು ಎತ್ತಿಸುವ ಈ ಕ್ರಮವನ್ನೇ ದೊಡ್ಡವರ ತರಗತಿಗೆ ತಂದರು. ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಸೂತ್ರ ಹಾಕಿ ಬಿಡಿಸುತ್ತಿದ್ದರು, ಆದರೆ ಅದೇ ತತ್ತ್ವದ ಮೇಲೆ ಮಾತಿನಲ್ಲಿ ಕೇಳಿದ ಸರಳ ಪ್ರಶ್ನೆಗೆ ಎಡವುತ್ತಿದ್ದರು. ಮಜೂರ್ ಮಾಡಿದ ಏರ್ಪಾಡು ಹೀಗಿದೆ: ಪಾಠದ ನಡುವೆ ನಾಲ್ಕು ಆಯ್ಕೆಗಳಿರುವ ಒಂದು ಪ್ರಶ್ನೆ. ಒಂದೆರಡು ನಿಮಿಷ ಒಬ್ಬೊಬ್ಬರೇ ಯೋಚಿಸಿ ಉತ್ತರ ಕೊಡಬೇಕು. ಶೇ 70ಕ್ಕಿಂತ ಹೆಚ್ಚು ಮಂದಿ ಸರಿ ಹೇಳಿದರೆ ಎರಡು ಮಾತಿನಲ್ಲಿ ವಿವರಿಸಿ ಮುಂದಕ್ಕೆ ಹೋಗುವುದು. ಶೇ 30ಕ್ಕಿಂತ ಕಡಿಮೆಯಾದರೆ ಪಾಠವನ್ನೇ ಮತ್ತೆ ಮಾಡುವುದು. ನಡುವೆ ಬಿದ್ದರೆ, ಉತ್ತರ ಹೇಳದೆ, ಪಕ್ಕದವರೊಡನೆ ವಾದ ಮಾಡಿ ಎಂದು ಬಿಟ್ಟು, ಆಮೇಲೆ ಎರಡನೆಯ ಸಲ ಉತ್ತರ ಪಡೆಯುವುದು. ಈ ಎರಡನೆಯ ಸಲದ ಹೊತ್ತಿಗೆ ಸರಿ ಉತ್ತರಗಳು ಹೆಚ್ಚುತ್ತವೆ ಎಂಬುದನ್ನು ಅವರೂ, ಅವರ ನಂತರ ಬಂದ ಅನೇಕರೂ ತೋರಿಸಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಪಕ್ಕದ ಹುಷಾರು ಹುಡುಗಿಯ ಉತ್ತರವನ್ನು ಎಲ್ಲರೂ ನಕಲು ಮಾಡಿದರೆ ಅದರಲ್ಲಿ ಕಲಿಕೆ ಎಲ್ಲಿ ಬಂತು? ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಚರ್ಚೆ ಮುಗಿದ ಮೇಲೆ ಅದೇ ತತ್ತ್ವದ ಬೇರೊಂದು ಪ್ರಶ್ನೆಯನ್ನು ಅವರು ಒಬ್ಬೊಬ್ಬರಿಗೇ ಕೇಳಿದರು. ನಕಲು ಮಾಡಿದ್ದರೆ ಈ ಹೊಸ ಪ್ರಶ್ನೆಯಲ್ಲಿ ಮುಗ್ಗರಿಸಬೇಕಿತ್ತು. ಮುಗ್ಗರಿಸಲಿಲ್ಲ. ಗುಂಪಿನಲ್ಲಿ ಒಬ್ಬರಿಗೂ ಮೊದಲು ಉತ್ತರ ಗೊತ್ತಿಲ್ಲದಿದ್ದ ಕಡೆಯೂ ಮಾತಾಡಿದ ಮೇಲೆ ಕೆಲವರು ಸರಿದಾರಿಗೆ ಬಂದಿದ್ದರು.

ಈ ಮಾತಾಟ ನಮ್ಮ ಕಡೆ ಯಾವ ಭಾಷೆಯಲ್ಲಿ ನಡೆದೀತು? ಪಠ್ಯ ಇಂಗ್ಲಿಷಿನಲ್ಲಿ, ಪಾಠ ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ, ಪಕ್ಕದವನೊಡನೆ ವಾದ ಮಾತ್ರ ಪೂರಾ ತುಳುವಿನಲ್ಲಿ, ಇಲ್ಲವೇ ಬ್ಯಾರಿಯಲ್ಲಿ, ಕೊಂಕಣಿಯಲ್ಲಿ. ‘ಅಂಚ ಅತ್ತ್ ಮಾರಾಯ’ (ಹಾಗಲ್ಲ ಮಾರಾಯ) ಎಂದು ಒಬ್ಬ ಇನ್ನೊಬ್ಬನ ನೋಟ್ಸಿನ ಮೇಲೆ ಬೆರಳಿಟ್ಟು ಹೇಳುವಾಗ ನಡೆಯುವ ಗಣಿತ, ಬೋರ್ಡಿನ ಮೇಲೆ ನಡೆಯುವುದಕ್ಕಿಂತ ಎಷ್ಟೋ ಸಲ ಆಳವಾಗಿರುತ್ತದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುವಿನಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದು, ಹೇಗೋ ದಡ ಸೇರಿದ ಮಕ್ಕಳು ಈ ತಾಲ್ಲೂಕುಗಳಲ್ಲಿ ಬಹಳ ಇದ್ದಾರೆ. ಎದ್ದು ನಿಂತು ಇಂಗ್ಲಿಷಿನಲ್ಲಿ ಸಂಶಯ ಕೇಳುವುದು ಅವರಿಂದ ಆಗದ ಮಾತು. ಹೆಸರು ಕಾಣದ ಹಾಗೆ ಫೋನಿನಲ್ಲಿ ‘ಇ’ ಎಂಬ ಆಯ್ಕೆಯನ್ನು ಒತ್ತುವುದು ಆಗುತ್ತದೆ.

ಎಲ್ಲವೂ ನಿಂತಿರುವುದು ಪ್ರಶ್ನೆಯ ಮೇಲೆ. ‘ಇದರ ನಿಷ್ಪನ್ನ ಏನು’ ಎಂದು ಕೇಳಿದರೆ ಅದು ಪರೀಕ್ಷೆಯ ಸಣ್ಣ ಆವೃತ್ತಿ ಅಷ್ಟೆ. ಫೋನಿನ ಕ್ಯಾಮೆರಾ ಹಿಡಿದರೆ ಉತ್ತರ ಹೇಳುವ ಆ್ಯಪ್‌ಗಳು ಬಂದು ವರ್ಷಗಳಾದವು. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತ ವಿಭಾಗ ಎರಡು ದಶಕಗಳ ಹಿಂದೆಯೇ ಕಲನಶಾಸ್ತ್ರಕ್ಕೆಂದು ಇಂಥ ಪ್ರಶ್ನೆಗಳ ಸಂಗ್ರಹ ಮಾಡಿತು. ಅದರಲ್ಲೊಂದು: ‘ನೀವು ಒಂದು ಕಾಲದಲ್ಲಿ ಸರಿಯಾಗಿ 3 ಅಡಿ ಎತ್ತರವಿದ್ದಿರಿ. ಸರಿಯೋ ತಪ್ಪೋ?’ ನಗು ಬರುವ ಪ್ರಶ್ನೆ. ಆದರೆ ಇದಕ್ಕೆ ಖಚಿತವಾಗಿ ‘ಸರಿ’ ಎನ್ನಬೇಕಾದರೆ ಅವಿಚ್ಛಿನ್ನ ಉತ್ಪನ್ನ (ಕಂಟಿನ್ಯುಯಸ್ ಫಂಕ್ಷನ್) ಎಂದರೇನು ಎಂಬುದು ತಲೆಗೆ ಹತ್ತಿರಬೇಕು. ಇದನ್ನೇ ನಮ್ಮ ದಾರಿಗೆ ಎಳೆಯಬಹುದು. ಬಿ.ಸಿ.ರೋಡಿನಿಂದ ಹೊರಟ ಬಸ್ಸು ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳಲ್ಲಿ ನಿಂತು ನಿಂತು ಉಜಿರೆ ತಲುಪಿತು. ಒಟ್ಟು ಸರಾಸರಿ ವೇಗ ಗಂಟೆಗೆ 36 ಕಿಲೋಮೀಟರ್. ದಾರಿಯಲ್ಲಿ ಎಲ್ಲಾದರೂ ಸ್ಪೀಡೋಮೀಟರಿನ ಮುಳ್ಳು ಸರಿಯಾಗಿ 36ರ ಮೇಲೆ ಇದ್ದಿರಲೇಬೇಕೇ? ಮಧ್ಯಮ ಮೌಲ್ಯ ಪ್ರಮೇಯವನ್ನು ಉರು ಹೊಡೆದವರಲ್ಲಿಯೂ ಅನೇಕರು ಇಲ್ಲಿ ಅನುಮಾನಿಸುತ್ತಾರೆ. ಆ ಅನುಮಾನ ಹೊರಗೆ ಬಂದ ಮೇಲೆಯೇ ಅಧ್ಯಾಪಕರಿಗೆ ಕೆಲಸ ಸಿಗುವುದು.

ಇದಕ್ಕೂ ಸೊಗಸಾದ ಪ್ರಶ್ನೆಯೊಂದನ್ನು ಮೂಡುಬಿದಿರೆ ತನ್ನ ಬಸದಿಯಲ್ಲಿ ಶತಮಾನಗಳ ಕಾಲ ಇಟ್ಟುಕೊಂಡಿತ್ತು. ಜೈನರ ಪ್ರಾಚೀನ ಗ್ರಂಥ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದ ಆರಂಭದಲ್ಲಿ ಬರೆದ ‘ಧವಲಾ’ ಟೀಕೆಯ ಓಲೆಪ್ರತಿಗಳು, ಹಳೆಗನ್ನಡ ಲಿಪಿಯಲ್ಲಿ, ಉಳಿದು ಬಂದದ್ದು ಮೂಡುಬಿದಿರೆಯಲ್ಲಿ. ಕಳೆದ ಶತಮಾನದಲ್ಲಿ ಅದು ಅಚ್ಚಾಗಿ ಹೊರಬಂದಾಗ ಲಖನೌ ವಿಶ್ವವಿದ್ಯಾಲಯದ ಅವಧೇಶ್ ನಾರಾಯಣ ಸಿಂಗ್ ಅದರೊಳಗಿನ ಗಣಿತವನ್ನು ಬಿಡಿಸಿ ತೋರಿಸಿದರು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡುತ್ತ ಹೋಗಬಹುದು ಎಂಬುದನ್ನು ವೀರಸೇನರು ‘ಅರ್ಧಚ್ಛೇದ’ ಎಂದರು. 8ರ ಅರ್ಧಚ್ಛೇದ 3, 64ರದು 6. ಇಂದಿನ ವಿದ್ಯಾರ್ಥಿ ಇದನ್ನು ಎರಡು ಆಧಾರದ ಲಾಗರಿದಮ್ ಎಂದು ಗುರುತಿಸುತ್ತಾನೆ. ಈಗ ಪರದೆಯ ಮೇಲೆ ಈ ಪ್ರಶ್ನೆ ಹಾಕಿ: ಒಂದು ಸಂಖ್ಯೆಯನ್ನು ಎರಡರಷ್ಟು ಮಾಡಿದರೆ ಅದರ ಅರ್ಧಚ್ಛೇದ ಎರಡರಷ್ಟಾಗುತ್ತದೆಯೇ, ಒಂದು ಹೆಚ್ಚುತ್ತದೆಯೇ, ವರ್ಗವಾಗುತ್ತದೆಯೇ, ಬದಲಾಗುವುದೇ ಇಲ್ಲವೇ?

2ನ್ನು ಹಿಡಿದು ನೋಡಿದವನಿಗೆ ‘ಎರಡರಷ್ಟು’ ಎಂಬುದೇ ಸರಿ ಎನಿಸುತ್ತದೆ. 2ರ ಅರ್ಧಚ್ಛೇದ 1, 4ರದು 2. ಪಕ್ಕದಲ್ಲಿ 8ನ್ನು ಹಿಡಿದು ನೋಡಿದವಳು 3ರಿಂದ 4ಕ್ಕೆ ಹೋದದ್ದನ್ನು ತೋರಿಸುತ್ತಾಳೆ. ಒಂದೇ ಉದಾಹರಣೆ ಯಾಕೆ ಸಾಲದು, ಯಾವಾಗ ಎರಡರಷ್ಟಾಗುತ್ತದೆ, ಸಂಖ್ಯೆಯನ್ನು ವರ್ಗ ಮಾಡಿದರೆ ಏನಾದೀತು ಎಂದು ಮಾತು ತಾನಾಗಿ ಬೆಳೆಯುತ್ತದೆ. ಲಾಗರಿದಮ್ಮಿನ ಸೂತ್ರಗಳನ್ನು ಬೋರ್ಡಿನ ಮೇಲೆ ಮೂರು ಸಲ ಬರೆದರೂ ಇಷ್ಟು ಆಗುವುದಿಲ್ಲ. ಹುಡುಗರು ದಿನಾ ಹಾದುಹೋಗುವ ಜೈನ ಪೇಟೆಯ ಓಲೆಗರಿಗಳಲ್ಲಿ ಈ ಲೆಕ್ಕ ಇತ್ತು ಎಂಬುದನ್ನು ಮೂಡುಬಿದಿರೆಯ ಕಾಲೇಜುಗಳಲ್ಲೇ ಹೇಳದಿದ್ದರೆ ಇನ್ನೆಲ್ಲಿ ಹೇಳುವುದು?

ಇನ್ನು ಸಾಧನಗಳ ಮಾತು. ಗೂಗಲ್ ಫಾರ್ಮ್ ಎಲ್ಲರಿಗೂ ಗೊತ್ತು. ನಾರ್ವೆಯ ಕಹೂತ್ 2013ರಿಂದ ಇದೆ. ಕ್ವಿಜಿಜ್ ಅಂತೂ ನಮ್ಮದೇ. ಬೆಂಗಳೂರಿನ ಶಾಲೆಯೊಂದರಲ್ಲಿ ಗಣಿತದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅಂಕಿತ್ ಗುಪ್ತ ಮತ್ತು ದೀಪಕ್ ಜಾಯ್ ಚೀನಾತ್ 2015ರಲ್ಲಿ ಕಟ್ಟಿದ್ದು, ಈಗ ಲೋಕವೆಲ್ಲ ಬಳಸುತ್ತಿದೆ, 2025ರಲ್ಲಿ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿದೆ. ಐಐಟಿ ಬಾಂಬೆಯ ಭಾಸ್ಕರನ್ ರಾಮನ್ ಅವರ ‘ಸೇಫ್’ ಎಂಬ ಆ್ಯಪ್ ಕ್ವಿಜ್ ನಡೆಯುವಷ್ಟು ಹೊತ್ತು ವಿದ್ಯಾರ್ಥಿಯ ಫೋನಿನಲ್ಲಿ ಬೇರೇನೂ ತೆರೆಯದಂತೆ ನೋಡಿಕೊಳ್ಳುತ್ತದೆ. ಇವುಗಳಲ್ಲಿ ಗಣಿತಕ್ಕೆ ಯಾವುದು ಹಿತ ಎಂದು ಕೇಳಿದರೆ, ಬೇಗ ಒತ್ತಿದವರಿಗೆ ಹೆಚ್ಚು ಪಾಯಿಂಟು ಕೊಟ್ಟು ಪರದೆಯ ಮೇಲೆ ಮೊದಲ ಐವರ ಹೆಸರು ಮೆರೆಸುವ ಆಟಗಳು ಹಿತವಲ್ಲ. ಒಂದು ಸಮೂಹ (ಗ್ರೂಪ್) ಪರಿವರ್ತನೀಯವೋ ಅಲ್ಲವೋ ಎಂದು ನಿಧಾನವಾಗಿ ಯೋಚಿಸುವವಳನ್ನು ಗಡಿಯಾರ ತೋರಿಸಿ ಓಡಿಸಬಾರದು. ವೇಗದ ಸ್ಪರ್ಧೆ ಸಾಮಾನ್ಯ ಜ್ಞಾನಕ್ಕೆ ಇರಲಿ.

ಫೋನು ಬೇಡ ಎನ್ನುವವರ ಬಳಿಯೂ ಬಲವಾದ ಕಾರಣಗಳಿವೆ. ಯುನೆಸ್ಕೊ 2023ರ ತನ್ನ ಜಾಗತಿಕ ಶಿಕ್ಷಣ ವರದಿಯಲ್ಲಿ ಶಾಲೆಗಳಲ್ಲಿ ಸ್ಮಾರ್ಟ್‌ಫೋನಿನ ಬಗ್ಗೆ ಎಚ್ಚರಿಸಿತ್ತು. ಒಮ್ಮೆ ಗಮನ ತಪ್ಪಿದರೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಹಿಡಿಯಬಹುದು ಎಂದಿತ್ತು. 55 ನಿಮಿಷದ ಪೀರಿಯಡಿನಲ್ಲಿ 20 ನಿಮಿಷ ಸಣ್ಣದಲ್ಲ. ಕರಾವಳಿಯ ಅನೇಕ ಕಾಲೇಜುಗಳಲ್ಲಿ ಫೋನು ಕಂಡರೆ ಕಿತ್ತಿಟ್ಟುಕೊಂಡು, ಹೆತ್ತವರು ಬಂದು ಸಹಿ ಹಾಕಿದ ಮೇಲೆ ಕೊಡುವ ನಿಯಮವಿದೆ. ಆ ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ನೆಟ್‌ವರ್ಕಿನದು ಇನ್ನೊಂದು ಕಥೆ. ಕೋವಿಡ್ ಕಾಲದ ಆನ್‌ಲೈನ್ ಪಾಠಕ್ಕಾಗಿ ಜಿಲ್ಲೆಯ ಮಕ್ಕಳು ಗುಡ್ಡ ಹತ್ತಿದ್ದನ್ನು ಮರೆಯುವಂತಿಲ್ಲ. 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿ ರಸ್ತೆ ಬದಿಯಲ್ಲಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಬೆಳ್ತಂಗಡಿಯ ಘಟ್ಟದಂಚಿನ ಊರುಗಳಿಂದ, ಎಳನೀರು, ಕುತ್ಲೂರಿನಂಥ ಕಡೆಗಳಿಂದ ಬರುವವರಿಗೆ ಮನೆಯಲ್ಲಿ ಸಿಗ್ನಲ್ ಸಿಗುವುದು ಇಂದಿಗೂ ಭಾಗ್ಯದ ಮಾತು. ತರಗತಿಯಲ್ಲೇ ನಡೆಯುವ ಕ್ವಿಜ್‌ಗೆ ಮನೆಯ ನೆಟ್‌ವರ್ಕು ಬೇಡ ನಿಜ. ಆದರೆ ಮಳೆಯ ಆಟಿ ತಿಂಗಳಲ್ಲಿ ಕರೆಂಟು ಹೋಗಿ, ಹಿಂದೆಯೇ ಟವರೂ ಮಲಗಿದರೆ ಕಾಲೇಜಿನೊಳಗೂ ಅದೇ ಗತಿ.

ಯಾರ ಕೈಯಲ್ಲಿ ಫೋನಿದೆ ಎಂಬುದನ್ನೂ ನೋಡಬೇಕು. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರ ಬಗ್ಗೆ ‘ಅಸರ್’ 2023ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಫೋನು ಬಳಸಬಲ್ಲವರ ಪೈಕಿ ಸ್ವಂತ ಸ್ಮಾರ್ಟ್‌ಫೋನು ಇದ್ದದ್ದು ಹುಡುಗರಲ್ಲಿ ಶೇ 43.7 ಮಂದಿಗೆ, ಹುಡುಗಿಯರಲ್ಲಿ ಶೇ 19.8 ಮಂದಿಗೆ ಮಾತ್ರ. ಅದೇ ಸಮೀಕ್ಷೆಯಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ 43ರಷ್ಟು. ಪದವಿಗೆ ಬರುವ ಹೊತ್ತಿಗೆ ಲೆಕ್ಕ ಸುಧಾರಿಸಿರುತ್ತದೆ, ಕರಾವಳಿಯ ಸ್ಥಿತಿ ಇನ್ನೂ ಉತ್ತಮವಿರಬಹುದು. ಆದರೂ ಬೀಡಿ ಕಟ್ಟುವ ಅಮ್ಮನ ದುಡಿಮೆಯಲ್ಲಿ ಓದುವ ಹುಡುಗಿ ಬಿರುಕು ಬಿಟ್ಟ ಹಳೆಯ ಫೋನನ್ನು ಎಲ್ಲರೆದುರು ಹೊರಗೆ ತೆಗೆಯಲು ಹಿಂಜರಿದರೆ, ಆ ತರಗತಿ ಅವಳನ್ನು ಹೊರಗಿಟ್ಟ ಹಾಗಾಯಿತು.

ಇದಕ್ಕೆಲ್ಲ ಒಂದು ಸುಲಭದ ದಾರಿಯುಂಟು. ಮಜೂರ್ ಅವರ ಪದ್ಧತಿಯನ್ನು ಉತ್ತರ ಒತ್ತುವ ಯಂತ್ರ ಹಿಡಿದು ಮಾಡಿದರೂ, ಅ, ಆ, ಇ, ಈ ಎಂದು ಬರೆದ ಕಾರ್ಡು ಎತ್ತಿ ಮಾಡಿದರೂ ಕಲಿಕೆಯಲ್ಲಿ ವ್ಯತ್ಯಾಸ ಇಲ್ಲ ಎಂದು ಕೆನಡಾದ ನಥಾನಿಯಲ್ ಲಾಸ್ರಿ 2008ರಲ್ಲೇ ಪ್ರಯೋಗ ಮಾಡಿ ಹೇಳಿದ್ದಾರೆ. ಇವೆರಡರ ನಡುವಿನದು ಪ್ಲಿಕರ್ಸ್: ಪ್ರತಿ ವಿದ್ಯಾರ್ಥಿಗೆ ಕಪ್ಪು ಬಿಳಿ ಚಿತ್ತಾರದ ಒಂದು ಕಾಗದದ ಕಾರ್ಡು. ಯಾವ ಬದಿ ಮೇಲೆ ಬರುವಂತೆ ಹಿಡಿದರೆ ಅದೇ ಉತ್ತರ. ಅಧ್ಯಾಪಕರು ತಮ್ಮೊಂದೇ ಫೋನನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದರೆ ಎಲ್ಲರ ಉತ್ತರಗಳೂ ದಾಖಲಾಗುತ್ತವೆ. ಚಿತ್ತಾರಗಳು ಒಂದರಂತೆ ಒಂದಿಲ್ಲದ ಕಾರಣ ಪಕ್ಕದವರ ಕಾರ್ಡು ನೋಡಿ ನಕಲು ಮಾಡುವುದೂ ಕಷ್ಟ. ವಿದ್ಯಾರ್ಥಿಗಳ ಫೋನು ಚೀಲದಲ್ಲೇ ಇರುತ್ತದೆ, ಇಲ್ಲದವರಿಗೆ ಇಲ್ಲವೆಂಬ ಮುಜುಗರವೂ ಇಲ್ಲ. ಸರ್ಕಾರಿ ಕಾಲೇಜುಗಳು ಇಲ್ಲಿಂದ ಆರಂಭಿಸುವುದು ಜಾಣತನ.

ಹಾಗಾದರೆ ವಿದ್ಯಾರ್ಥಿಗಳ ಫೋನೇ ಯಾಕೆ ಬೇಕು? ನೂರಿಪ್ಪತ್ತು ಮಂದಿ ಕೂರುವ ಎಂಜಿನಿಯರಿಂಗ್ ತರಗತಿಯಲ್ಲಿ ಕಾರ್ಡು ಸಾಲದು. ಅಲ್ಲದೆ ಜಿಯೊಜೀಬ್ರಾದಲ್ಲಿ ವಕ್ರರೇಖೆಯನ್ನು ಎಳೆದಾಡಿ ನೋಡುವುದು, ಒಂದು ಸಾಲಿನ ಕಾರಣವನ್ನು ಬರೆದು ಕಳಿಸುವುದು ಕಾರ್ಡಿನಲ್ಲಿ ಆಗದು. ಅಲ್ಲಿ ಫೋನು ತನ್ನ ಕೂಲಿಯನ್ನು ಗಳಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಅಂಕಪಟ್ಟಿಯಿಂದಲೇ ಬರುವುದು. ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ವ್ಯವಸ್ಥೆಯಲ್ಲಿ ಒಂದು ವಿಷಯದ 100 ಅಂಕಗಳಲ್ಲಿ 50 ಕಾಲೇಜಿನ ನಿರಂತರ ಮೌಲ್ಯಮಾಪನದ ಪಾಲು. ಪದವಿ ಕಾಲೇಜುಗಳಲ್ಲೂ ಆಂತರಿಕ ಅಂಕಗಳಿವೆ. ಕ್ವಿಜ್ ಶುರುವಾದ ಮರುವಾರವೇ ಯಾರಾದರೂ ‘ಇದನ್ನೇ ಇಂಟರ್ನಲ್‌ಗೆ ತೆಗೆದುಕೊಂಡರಾಯಿತಲ್ಲ’ ಎನ್ನುತ್ತಾರೆ. ಅಧ್ಯಾಪಕರಿಗೆ ಕೆಲಸ ಉಳಿತಾಯ, ನ್ಯಾಕ್ ಕಡತಕ್ಕೆ ಒಂದು ಹಾಳೆ. ಅಲ್ಲಿಗೆ ಮುಗಿಯಿತು. ಅಂಕ ಬಂದ ದಿನವೇ ತರಗತಿಗೆ ಬಾರದ ಗೆಳೆಯನ ಪರವಾಗಿ ಉತ್ತರ ಒತ್ತುವುದು, ಪ್ರಶ್ನೆಯ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್ ಗುಂಪಿಗೆ ಬೀಳುವುದು, ಎಐ ಆ್ಯಪ್‌ಗೆ ಕೇಳುವುದು ಆರಂಭವಾಗುತ್ತದೆ. ತನಗೆ ಗೊತ್ತಿಲ್ಲ ಎಂಬುದನ್ನು ಹೇಳಲೆಂದು ಕೊಟ್ಟ ಒಂದೇ ಅವಕಾಶದಲ್ಲಿ ವಿದ್ಯಾರ್ಥಿ ಗೊತ್ತಿರುವಂತೆ ನಟಿಸತೊಡಗುತ್ತಾನೆ. ಹಾಜರಿಗೆ ಬಳಸಿದರೂ ಅಷ್ಟೇ.

ಅಂಕವಿಲ್ಲದಿದ್ದರೆ ಯಾರೂ ಮನಸ್ಸಿಟ್ಟು ಉತ್ತರಿಸುವುದಿಲ್ಲ ಎನ್ನುವವರು ಒಂದು ಪ್ರಯೋಗವನ್ನು ನೋಡಬೇಕು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಅದನ್ನು ಮತ್ತೆ ಮತ್ತೆ ಓದಿದವರಿಗೆ ವಾರದ ನಂತರ ನೆನಪಿದ್ದದ್ದು ಸುಮಾರು ಶೇ 40. ಒಂದೇ ಅವಧಿಯಲ್ಲಿ ಓದಿ, ಪುಸ್ತಕ ಮುಚ್ಚಿ, ಮೂರು ಸಲ ನೆನಪಿನಿಂದ ಬರೆದವರಿಗೆ ಶೇ 61. ಈ ಬರವಣಿಗೆಗೆ ಯಾರೂ ಅಂಕ ಕೊಟ್ಟಿರಲಿಲ್ಲ. ನೆನಪಿಸಿಕೊಳ್ಳುವ ಶ್ರಮವೇ ಕೆಲಸ ಮಾಡಿತ್ತು.

ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. ಪ್ರಮೇಯವನ್ನು ಸಾಧಿಸುವುದು, ಸಾಲಿನಿಂದ ಸಾಲಿಗೆ ತರ್ಕ ಕಟ್ಟುವುದು ಕಾಗದ ಪೆನ್ನಿನ ಕೆಲಸವಾಗಿಯೇ ಉಳಿಯುತ್ತದೆ. ವಿಶ್ವವಿದ್ಯಾಲಯದ ಪರೀಕ್ಷೆಯೂ ಅದನ್ನೇ ಕೇಳುತ್ತದೆ. ಕ್ವಿಜ್ ಇರುವುದು ಪಾಠದ ದಾರಿ ಸರಿಪಡಿಸಲಿಕ್ಕೆ; ವಾರಕ್ಕೆ ನಾಲ್ಕು ಪೀರಿಯಡ್ ಇದ್ದರೆ ನಾಲ್ಕರಲ್ಲೂ ಒಂದೊಂದು ಪ್ರಶ್ನೆ ಸಾಕು. ಪ್ರಥಮ ವರ್ಷದಲ್ಲಿ ಇನ್ನೂ 18 ತುಂಬದವರೂ ಇರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅವರನ್ನು ಮಕ್ಕಳೆಂದೇ ಎಣಿಸುತ್ತದೆ. ಹಾಗಾಗಿ ಹೆಸರು, ಫೋನ್ ನಂಬರು ಕೇಳುವ ಆ್ಯಪ್‌ಗಿಂತ ಬರಿಯ ಕೋಡ್ ಒತ್ತಿ ಸೇರಿಕೊಳ್ಳುವಂಥದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಸಾಧನ ಹಂಚುವುದು ಸರ್ಕಾರಕ್ಕೆ ಯಾವಾಗಲೂ ಸುಲಭ. 2021ರಲ್ಲಿ ರಾಜ್ಯ ಸರ್ಕಾರ ಸುಮಾರು ಒಂದೂವರೆ ಲಕ್ಷ ಸರ್ಕಾರಿ ಕಾಲೇಜು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಟ್ಟಿತು. ಆದರೆ ಗಣಿತದ ಅಧ್ಯಾಪಕರಿಗೆ ಈಗ ಬೇಕಿರುವುದು ಒಳ್ಳೆಯ ಪ್ರಶ್ನೆಗಳು. ಒಂದು ಸರಿಯಾದ ಪ್ರಶ್ನೆಯನ್ನೂ, ಅದಕ್ಕೆ ಮೂರು ನಂಬುವಂತಹ ತಪ್ಪು ಉತ್ತರಗಳನ್ನೂ ಬರೆಯಲು ಒಂದು ಸಂಜೆ ಬೇಕಾಗುತ್ತದೆ. ತಪ್ಪು ಉತ್ತರಗಳು ವಿದ್ಯಾರ್ಥಿಗಳ ಹಳೆಯ ಉತ್ತರಪತ್ರಿಕೆಗಳಿಂದಲೇ ಬರಬೇಕು. ಆ ರಾಶಿ ಪ್ರತಿ ವಿಭಾಗದಲ್ಲೂ ಇದೆ. ಕಾರ್ನೆಲ್‌ನಲ್ಲಿಯೂ ಆಳವಾದ ಪ್ರಶ್ನೆ ಮತ್ತು ಪಕ್ಕದವರೊಡನೆ ಚರ್ಚೆ ಎರಡೂ ಕೂಡಿದ ತರಗತಿಗಳೇ ಪರೀಕ್ಷೆಯಲ್ಲಿ ಮುಂದಿದ್ದವು.

ಈ ಕೆಲಸ ಒಂದು ಕಾಲೇಜಿನ ಒಬ್ಬ ಉತ್ಸಾಹಿಯ ಮೇಲೆ ಬೀಳಬಾರದು. ಮೂರು ತಾಲ್ಲೂಕುಗಳ ಸ್ವಾಯತ್ತ, ಅನುದಾನಿತ, ಸರ್ಕಾರಿ, ಎಂಜಿನಿಯರಿಂಗ್ ಕಾಲೇಜುಗಳ ಗಣಿತ ವಿಭಾಗಗಳು ರಜೆಯಲ್ಲಿ ಒಂದೆರಡು ದಿನ ಒಂದೆಡೆ ಕೂತರೆ, ಮೊದಲ ಸೆಮಿಸ್ಟರಿಗೆ ಬೇಕಾದಷ್ಟು ಪ್ರಶ್ನೆಗಳನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಎಲ್ಲರಿಗೂ ಹಂಚಬಹುದು. ಪ್ರಾಂಶುಪಾಲರು ಅದಕ್ಕೆ ಒಂದು ಕೊಠಡಿ, ಮಧ್ಯಾಹ್ನದ ಊಟ, ಹಾಗೂ ಈ ಕ್ವಿಜ್‌ಗೆ ಅಂಕ ಇರುವುದಿಲ್ಲ ಎಂಬ ಒಂದು ಸಾಲಿನ ಸುತ್ತೋಲೆ, ಇಷ್ಟು ಕೊಡಲಿ.